ಒಣಗದ ದೋಣಿಯೂ ನಾಗಪತಿ ಹೆಗಡೆಯವರೂ

ಒಳ್ಳೆಯ ವಾರ್ನಿಷ್ ಇಂದು ಲೀಟರಿಗೆ ಐದು ನೂರು ರೂಪಾಯಿ. ಥಿನ್ನರ್‌ಗೆ ನೂರೈವತ್ತರ ಮೇಲೆ. ಸಾಗವಾನಿಯ ದರವನ್ನು ಕೇಳದಿರುವುದೇ ಲೇಸು. ಪಾಲಿಶ್ ಮಾಡುವವರ ದಿನಗೂಲಿ ಒಂಬೈನೂರಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇಷ್ಟೆಲ್ಲ ಸುರಿದ ಮೇಲೂ ಹಚ್ಚಿದ್ದು ಒಣಗದೆ ಕೈಗೆ ಅಂಟಿದರೆ, ಅದನ್ನು ಕೆರೆದು ತೆಗೆಯುವ ಖರ್ಚು ಹಚ್ಚಿದ ಖರ್ಚನ್ನು ಮೀರುತ್ತದೆ. ಶಿರಸಿಯ ಪೇಟೆಯಲ್ಲಿ ಬಣ್ಣದ ಅಂಗಡಿ ನಡೆಸುತ್ತ ಬಂದ ನಾನು ಈ ಲೆಕ್ಕವನ್ನು ಯಾವ ಪುಸ್ತಕದಲ್ಲೂ ಓದಿದವನಲ್ಲ. ಡಬ್ಬಿ ಹಿಡಿದು ಜಗಳಕ್ಕೆ ಬಂದ ಗಿರಾಕಿಗಳಿಂದ ಕಲಿತವನು. ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳಲ್ಲಿ ಮರದ ಮೇಲಿನ ಹೊಳಪಿನ ಕೆಲಸದಲ್ಲಿ ಯಾರಿಗೆ ತೊಡಕು ಬಂದರೂ ಕೊನೆಗೆ ನೆನಪಾಗುತ್ತಿದ್ದ ಹೆಸರು ಒಂದೇ. ಅದು ನಮ್ಮೂರಿನ ಸಹಕಾರಿ ಮರಗೆಲಸ ತರಬೇತಿ ಕೇಂದ್ರದ ಬೋಧಕರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ನಾಗಪತಿ ಹೆಗಡೆಯವರದು.

ಹೆಗಡೆಯವರು ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯ ಕಡೆಯವರು. ತೋಟದ ಮನೆಯ ಹುಡುಗ ಉಳಿ ಹಿಡಿದದ್ದನ್ನು ಕಂಡು ಅವರ ಬಂಧುಗಳು ಮೊದಮೊದಲು ಮೂಗು ಮುರಿದರಂತೆ. ಅವರು ಕೆಲಸಕ್ಕೆ ಸೇರಿದ್ದು ಯಲ್ಲಾಪುರದ ಒಂದು ಮರದ ಡಿಪೋದಲ್ಲಿ, ನಾಟಾ ದಿಮ್ಮಿಗಳನ್ನು ಅಳೆಯುವವರಾಗಿ. ಯಾವ ಮರ ಎಷ್ಟು ಎಣ್ಣೆ ಇಟ್ಟುಕೊಂಡಿರುತ್ತದೆ, ಯಾವುದು ಎಷ್ಟು ನೀರು ಕುಡಿಯುತ್ತದೆ ಎಂಬುದೆಲ್ಲ ಅವರ ಕೈಗೆ ಬಂದದ್ದು ಅಲ್ಲಿ. ಆಮೇಲೆ ಸಿದ್ದಾಪುರದಲ್ಲಿ ಕೆಲವು ವರ್ಷ ಬಾಗಿಲು ಕಿಟಕಿಗಳ ಕೆಲಸ ಮಾಡಿಸಿ, ಶಿರಸಿಯ ಕೇಂದ್ರಕ್ಕೆ ಬೋಧಕರಾಗಿ ಬಂದರು. ನಮ್ಮ ಪರಿಚಯ ಅಂದಿನಿಂದ.

ನನ್ನ ಮಗಳು ಅರ್ಷಿಯಾ ಪಾಲಿಶ್ ಕೆಲಸ ಕಲಿಯುತ್ತೇನೆಂದು ಹಠ ಹಿಡಿದಾಗ ಮನೆಯಲ್ಲಿ ಯಾರಿಗೂ ಮನಸ್ಸಿರಲಿಲ್ಲ. ಕೇಂದ್ರದಲ್ಲಿ ಅದುವರೆಗೆ ಹೆಣ್ಣುಮಕ್ಕಳು ಸೇರಿದ್ದೂ ಇರಲಿಲ್ಲ. ಹೆಗಡೆಯವರು ನನಗೆ ಉಪದೇಶ ಮಾಡಲಿಲ್ಲ. ಸ್ಪಿರಿಟ್ಟಿನ ವಾಸನೆ ತಲೆಗೆ ಏರಬಾರದೆಂದು ಪಾಲಿಶ್ ಕೋಣೆಗೆ ಹೊಸದಾಗಿ ಎರಡು ಕಿಟಕಿ ಇಡಿಸಿ, ಅಂಗಡಿಗೆ ಬಂದು, "ಭಾಯ್, ಗಾಳಿ ಆಡ್ತದೆ ಈಗ. ನಾಳೆಯಿಂದ ಕಳಿಸಿ," ಎಂದಷ್ಟೇ ಹೇಳಿ ಹೋದರು. ಅವಳಿಂದು ಯಲ್ಲಾಪುರದಲ್ಲಿ ಸ್ವಂತ ಪಾಲಿಶ್ ಕೆಲಸ ನಡೆಸುತ್ತಿದ್ದಾಳೆ. ಇಂಥ ಉಪಕಾರಗಳನ್ನು ಬರೆಯುತ್ತ ಹೋದರೆ ಈ ಅಭಿನಂದನ ಗ್ರಂಥದ ಸಂಪಾದಕರು ನನಗೆ ಕೊಟ್ಟ ಪುಟ ಸಾಲದು. ಆದ್ದರಿಂದ ಒಂದು ದೋಣಿಯ ಸಂಗತಿಯನ್ನು ಮಾತ್ರ ವಿವರವಾಗಿ ಹೇಳುತ್ತೇನೆ.

ಯಲ್ಲಾಪುರ ತಾಲ್ಲೂಕಿನಲ್ಲಿ ಕಾಳಿ ನದಿಯ ಹಿನ್ನೀರಿನಾಚೆ ಒಂದು ಸಣ್ಣ ಊರಿದೆ. ಅಲ್ಲಿಯ ತಾರಿಯನ್ನು, ಎಂದರೆ ಜನರನ್ನು ದೋಣಿಯಲ್ಲಿ ದಾಟಿಸುವ ಕೆಲಸವನ್ನು, ಕೆರಿಯನೆಂಬವನ ಮನೆಯವರು ತಲೆಮಾರಿನಿಂದ ಮಾಡಿಕೊಂಡು ಬಂದಿದ್ದರು. ಹಳೆಯ ದೋಣಿ ಲಡ್ಡಾಗಿ ಸೋರತೊಡಗಿತು. ಶಾಲೆಯ ಮಕ್ಕಳ ಬಟ್ಟೆಗೆ ಅದಕ್ಕೆ ಬಳಿಯುತ್ತಿದ್ದ ಗೇರೆಣ್ಣೆ, ಎಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ, ಅಂಟಿ ಕಲೆಯಾಗುತ್ತದೆಂಬ ದೂರೂ ಇತ್ತು. ಹೊಸ ದೋಣಿಗೆ ಎಣ್ಣೆ ಬೇಡ, ವಾರ್ನಿಷ್ ಆಗಬೇಕು, ಮಿರ್ಗದ, ಎಂದರೆ ಮೃಗಶಿರಾ ಮಳೆ ಹಿಡಿಯುವ ಮೊದಲು ಎಂಜಿನಿಯರ್ ನೋಡಿ ಒಪ್ಪಬೇಕು, ತಪ್ಪಿದರೆ ತಾರಿಯನ್ನು ಹೊರಗಿನ ಮಷಿನ್ ದೋಣಿಯವರಿಗೆ ಕೊಡುವುದೆಂದು ಪಂಚಾಯ್ತಿ ತೀರ್ಮಾನಿಸಿತು. ದೋಣಿ ಕಟ್ಟುವ ಕೆಲಸ ನಮ್ಮ ಕೇಂದ್ರಕ್ಕೆ ಬಂತು. ಮಂಜೂರಾದ ಹಣದಲ್ಲಿ ಹೊಸ ಸಾಗವಾನಿ ಬರುವಂತಿರಲಿಲ್ಲ. ಹೆಗಡೆಯವರು ಕರಾವಳಿಗೆ ಇಳಿದು, ಒಡೆಯಲು ಇಟ್ಟಿದ್ದ ಹಳೆಯ ಮಚವೆಯೊಂದರ, ಎಂದರೆ ಸರಕು ಸಾಗಿಸುವ ಹಾಯಿದೋಣಿಯ, ಸಾಗವಾನಿ ಹಲಗೆಗಳನ್ನು ಆರಿಸಿ ತಂದರು. ಮರವೇನೋ ಕಬ್ಬಿಣದಂತಿತ್ತು.

ದೋಣಿ ಚೆಂದವಾಗಿ ಎದ್ದಿತು. ವಾರ್ನಿಷ್ ಹಚ್ಚಿದರು. ಒಣಗಲಿಲ್ಲ. ಮೊದಲನೆಯ ಕೋಟು ಹಸಿಯಿದ್ದಾಗಲೇ, ಮೇಲೊಂದು ಹಚ್ಚಿದರೆ ಬಿಗಿದೀತೆಂದು ತರಬೇತಿಯ ಹುಡುಗರು ಇನ್ನೊಂದು ಕೋಟು ಬಳಿದರು, ಅಂಟು ಇಮ್ಮಡಿಸಿತು. ದೋಣಿ ಕಾಯಲೆಂದು ಊರಿನಿಂದ ಬಂದು ಕೇಂದ್ರದ ಕಟ್ಟೆಯ ಮೇಲೇ ಮಲಗುತ್ತಿದ್ದ ಕೆರಿಯನ ಗಾಬರಿಯನ್ನು ನಾನೇ ಕಂಡಿದ್ದೇನೆ.

"ಇದ್ ಒಣಗೂದೇ ಇಲ್ರಾ ಮಾಸ್ತರೆ? ಮಿರ್ಗ ಬಂದ್ರೆ ನಮ್ ಕತೆ ಮುಗೀತು. ಮಷಿನ್‌ನವ ಆಗ್ಲೇ ಬಂದು ಜಾಗ ನೋಡ್ಕಂಡು ಹೋಗಿದ್ದ."

"ಒಣಗ್ತದೆ ಮಾರಾಯ. ನೀ ಮೊದಲು ಅಲ್ಲಿಂದ ಕೈ ತೆಗಿ. ನಿನ್ನ ಐದೂ ಬೆರಳು ಅಚ್ಚಾಗಿ ಕೂತ್ಕಂಡ್ತು," ಎಂದರು ಹೆಗಡೆಯವರು.

ವಾರ್ನಿಷ್ ಒಣಗದಿದ್ದರೆ ನಮ್ಮ ಕಡೆಯ ಪದ್ಧತಿಯೆಂದರೆ, ನೇರ ಅಂಗಡಿಗೆ ಬಂದು "ನಿನ್ನ ಮಾಲು ಖೊಟ್ಟಿ" ಎಂದು ಡಬ್ಬಿ ಕುಕ್ಕುವುದು. ಹೆಗಡೆಯವರೂ ಬಂದರು, ಆದರೆ ಕೈಯಲ್ಲಿ ಒಂದು ಗಾಜಿನ ತುಂಡು ಹಿಡಿದು. ಅದೇ ಡಬ್ಬಿಯ ವಾರ್ನಿಷನ್ನು ಗಾಜಿನ ಮೇಲೂ ಒಂದು ಹೊಸ ಸಾಗವಾನಿ ಚೂರಿನ ಮೇಲೂ ಹಚ್ಚಿ, ದೋಣಿಯ ಪಕ್ಕದಲ್ಲೇ ಇಟ್ಟಿದ್ದರಂತೆ. ಎರಡೂ ಮರುದಿನಕ್ಕೆ ಗಟ್ಟಿಯಾಗಿದ್ದವು.

"ನಿಮ್ಮ ಮಾಲಿನ ತಪ್ಪಲ್ಲ ಭಾಯ್, ಹವೆಯದೂ ಅಲ್ಲ. ನಾ ತಂದ ಹಲಗೆಯದು. ಥಿನ್ನರ್ ಬಟ್ಟೆಯಲ್ಲಿ ಉಜ್ಜಿದ್ರೆ ಹಳದಿ ಬಿಡ್ತದೆ, ಮೂಗಿಗೆ ಹಿಡಿದ್ರೆ ಮೀನು ಪೇಟೆ."

ಆ ಮಚವೆಗೆ ವರ್ಷ ವರ್ಷವೂ ಮೀನೆಣ್ಣೆ, ಗೇರೆಣ್ಣೆ ಕುಡಿಸಿದ್ದರು. ಸಾಗವಾನಿಗೆ ತನ್ನದೇ ಎಣ್ಣೆಯೂ ಉಂಟು. ವಾರ್ನಿಷ್ ಒಣಗುವುದೆಂದರೆ ಗಾಳಿ ತಾಗಿ ಗಟ್ಟಿಯಾಗುವುದು. ಕೆಳಗಿನಿಂದ ಎಣ್ಣೆ ಏರುತ್ತಿದ್ದರೆ ಅದು ಗಟ್ಟಿಯಾಗಲಾರದು. ಒಣಗಿಸುವ ಔಷಧ ಬೆರೆಸಿ ಎಂದು ನಾನು ಸಲಹೆ ಕೊಟ್ಟೆ. ಮೇಲೆ ಸಿಪ್ಪೆ ಕಟ್ಟಿ ಒಳಗೆ ಹಸಿಯೇ ಉಳಿದೀತೆಂದು ಅವರು ಒಪ್ಪಲಿಲ್ಲ. ಹಚ್ಚಿದ್ದನ್ನೆಲ್ಲ ಗಾಜಿನ ಚೂರುಗಳಿಂದ ಕೆರೆಸಿದರು. ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ, ಗಾಯಕ್ಕೆ ಲೇಪ ಕಟ್ಟಿದಂತೆ ಹಲಗೆಗಳಿಗೆ ಮೆತ್ತಿ, ದೋಣಿಯನ್ನು ಬಿಸಿಲಿಗೆ ಎಳೆಸಿದರು. ಬಿಸಿಲಿಗೆ ಎಣ್ಣೆ ಮೇಲಕ್ಕೆ ಬಂತು, ಪುಡಿ ಅದನ್ನು ಹೀರಿತು. ಪುಡಿ ಹಳದಿಯಾಗುವುದು ನಿಲ್ಲುವ ತನಕ ಹೀಗೇ ನಡೆಯಿತು. ಆಮೇಲೆ ಒಂದೊಂದೇ ಹಲಗೆಯನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಉಳಿದ ಎಣ್ಣೆಗೆ ಮೇಲೇಳಲು ಸಮಯ ಕೊಡದೆ, ಚೆನ್ನಾಗಿ ತೆಳು ಮಾಡಿದ ಮೊದಲ ಕೋಟು ಹಚ್ಚಿಸಿದರು. ಒರೆಸಿದ ಬಟ್ಟೆಯನ್ನು ಮತ್ತೆ ಬಳಸಿದವರಿಗೆ ಮಾತ್ರ ಬೈಗುಳ ಬೀಳುತ್ತಿತ್ತು.

ದೋಣಿ ಒಣಗಿತು. ಆದರೆ ಮುಂಭಾಗದ ತಲೆ ಹಲಗೆಯಲ್ಲಿ ಬೊಗಸೆಯಗಲದ ಒಂದು ಜಾಗ ಒಣಗಲೊಲ್ಲದು. ಕೆರೆದು, ಒರೆಸಿ, ಮತ್ತೆ ಹಚ್ಚಿದರೂ ಬೆಳಗಾಗುವಷ್ಟರಲ್ಲಿ ಅಂಟು. ಮಳೆ ಹತ್ತಿರ ಬಂದಿತ್ತು. ಎಂಜಿನಿಯರ್ ಬರುವ ದಿನ ಗೊತ್ತಾಗಿತ್ತು. ಹೆಗಡೆಯವರು ಆ ಹಲಗೆಯನ್ನೇ ಕಿತ್ತು ಬದಲಿಸಲು ಹೊರಟಿದ್ದ ಬೆಳಿಗ್ಗೆ, ಕೇಂದ್ರದಲ್ಲಿ ಅಡುಗೆ ಮಾಡುತ್ತಿದ್ದ ಹಾವೇರಿ ಕಡೆಯ ಗುರುಶಾಂತವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದರು.

"ಮಾಸ್ತರ್ರ, ಅಡಗಿಮನ್ಯಾಗ ಅರಿಶಿಣ ಒಂದ ಚಿಟಿಕಿ ಉಳಿದಿಲ್ರಿ. ಎಣ್ಣಿ ಬಾಟ್ಲಿನೂ ಅರ್ಧ ಆಗೇತಿ. ನಿಮ್ಮ ಹುಡುಗೂರೊಳಗ ಯಾರರೆ ಮದಿವಿಗೆ ನಿಂತಾರೇನ್ರಿ?"

ಹುಡುಗರು ನಕ್ಕರು. ಕೆರಿಯ ನಗಲಿಲ್ಲ, ನೆಲ ನೋಡುತ್ತಿದ್ದ.

"ಯಾರ ಮದುವೆಯೋ ಕೆರಿಯಾ?" ಎಂದು ಕೇಳಿದರು ಹೆಗಡೆಯವರು.

"ದೋಣೀದು ಮಾಸ್ತರೆ."

"ಅಯ್ಯ ನಿನ್ನ! ದಿನಾ ಹಚ್ತಾ ಇದ್ಯಾ?"

"ಹೆಣ್ಣಲ್ರಾ ಅದು? ನೀರಿಗಿಳಿಯೂವರೆಗೂ ದಿನಾ ಬೆಳಿಗ್ಗೆ ತಲೆ ಹಲಗೆಗೆ ಎಣ್ಣೆ ಅರಿಶಿನ ಮುಟ್ಟಿಸ್ಬೇಕು. ನಮ್ಮಜ್ಜನೂ ಹಚ್ಚಿದ್ದ, ಅಪ್ಪನೂ ಹಚ್ಚಿದ್ದ. ನಾ ಬಿಟ್ಟು, ಅದು ಯಾರನ್ನಾರೂ ಮುಳುಗಿಸಿದ್ರೆ?"

ಬರೀ ಎಣ್ಣೆಯನ್ನೇ ಕುಡಿದ ಅಜ್ಜನ ದೋಣಿಗೆ ಈ ಪದ್ಧತಿ ಒಪ್ಪಿತ್ತು, ವಾರ್ನಿಷ್ ಒಪ್ಪಲಿಲ್ಲ. ತನ್ನ ಅನ್ನಕ್ಕೆ ಕುತ್ತು ತರುತ್ತಿದ್ದುದು ತನ್ನ ಕೈಯೇ ಎಂದು ತಿಳಿದ ಮೇಲೂ, ಅದನ್ನು ಬಿಡಲು ಕೆರಿಯನಿಗೆ ಧೈರ್ಯವಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅವನಿಗೆ ಬುದ್ಧಿ ಹೇಳಿ ಕಟ್ಟೆಯಿಂದ ಎಬ್ಬಿಸಿ ಊರಿಗೆ ಕಳಿಸುತ್ತಿದ್ದರು. ಹೆಗಡೆಯವರು ಹಲಸಿನ ಮರದ ಒಂದು ತುಂಡನ್ನು ಅಂಗೈಯಷ್ಟಕ್ಕೆ ಕೊಯ್ದು, ಅಂಚು ಸವರಿ, ದೋಣಿಯ ಮೂತಿಯ ಮೇಲೆ ಮರದ ಮೊಳೆಗಳಿಂದ ಕೂರಿಸಿದರು. ಅದಕ್ಕೆ ವಾರ್ನಿಷ್ ಸೋಕಿಸಲಿಲ್ಲ.

"ಇದು ಅದರ ಹಣೆ ಅಂತ ತಿಳ್ಕ. ಇಲ್ಲಿ ಎಷ್ಟು ಬೇಕಾದ್ರೂ ಹಚ್ಚು. ಕೆಳಗೆ ಒಂದು ಹನಿ ಇಳಿದ್ರೆ ಮಷಿನ್‌ನವನಿಗೆ ನಾನೇ ಫೋನ್ ಮಾಡ್ತೆ."

ಕೆರಿಯ ಮೊದಲು ಆ ತುಂಡಿಗೆ ಕೈ ಮುಗಿದು, ಆಮೇಲೆ ಗುರುಶಾಂತವ್ವನ ಕಡೆ ನೋಡಿದ. "ತಗೋ, ನಿನ್ನ ಮಗಳ ಮದಿವಿಗೆ ನಂದೊಂದ ಆಹೇರಿ," ಎನ್ನುತ್ತ ಅವರು ಪೇಟೆಯಿಂದ ತರಿಸಿದ್ದ ಹೊಸ ಅರಿಶಿನದ ಪೊಟ್ಟಣವನ್ನೇ ಕೊಟ್ಟುಬಿಟ್ಟರು.

ಎಂಜಿನಿಯರ್ ಬಂದು ಬಿಳಿ ಕರವಸ್ತ್ರದಿಂದ ತಲೆ ಹಲಗೆಯನ್ನೇ ಉಜ್ಜಿ ನೋಡಿದರು. ಕರವಸ್ತ್ರ ಬಿಳಿಯಾಗಿಯೇ ಉಳಿಯಿತು. ಮಳೆ ಹಿಡಿಯುವ ಮೊದಲೇ ದೋಣಿ ಲಾರಿಯಲ್ಲಿ ಯಲ್ಲಾಪುರದ ಹಾದಿ ಹಿಡಿಯಿತು.

ಆಮೇಲೆ ಕೇಂದ್ರದ ಆಡಳಿತ ಮಂಡಳಿ ಸಭೆ ಸೇರಿ, ಇಷ್ಟು ವಾರ್ನಿಷೂ ದಿನಗಳೂ ಹಾಳಾದದ್ದಕ್ಕೆ ಹೊಣೆ ಯಾರೆಂದು ವಿಚಾರಿಸಿತು. ಹುಡುಗರ ಅವಸರವನ್ನೋ ಕೆರಿಯನ ಎಣ್ಣೆಯನ್ನೋ ಮುಂದೆ ಮಾಡಬಹುದಿತ್ತು. "ಹಲಗೆ ಆರಿಸಿದವ ನಾನು. ಮೂಸಿ ನೋಡದೆ ತಂದೆ," ಎಂದರು ಹೆಗಡೆಯವರು. ಅದೇ ವರ್ಷ ಅವರಿಗೆ ಬರಬೇಕಿದ್ದ ಹಿರಿಯ ಬೋಧಕರ ಹುದ್ದೆ ಬೇರೊಬ್ಬರಿಗೆ ಹೋಯಿತು. ಈ ವಿಷಯವನ್ನು ಅವರು ಒಂದು ದಿನವೂ ನನ್ನೊಡನೆ ಆಡಿದವರಲ್ಲ; ನಾನು ತಿಳಿದದ್ದು ಬೇರೆಯವರಿಂದ. ಆ ಪಾಲಿಶ್ ಕೋಣೆಯ ಥಿನ್ನರ್ ವಾಸನೆ, ಗಾಜು ಮರವನ್ನು ಕೆರೆಯುವ ಸದ್ದು, ನಡುವೆ ಅವರ ಸಣ್ಣ ಕೆಮ್ಮು, ಇವಿಲ್ಲದ ಕೇಂದ್ರದ ಮುಂದೆ ಇನ್ನು ಹಾದುಹೋಗುವುದು ನನಗೆ ಕಷ್ಟ.

ಹೆಗ್ಗರಣೆಯ ರಸ್ತೆಯಲ್ಲಿ ಒಂದು ಚಪ್ಪರ ಹಾಕಿ, ಕಲಿಯಬಯಸುವವರಿಗೆ ಕೆಲಸ ಹೇಳಿಕೊಡಬೇಕೆಂದು ಅವರು ಯೋಚಿಸಿದ್ದಾರೆ. ಆ ಚಪ್ಪರದಲ್ಲಿ ಅವರ ಕೈ ನಡುಗದೆ, ಕಣ್ಣು ಮಂಜಾಗದೆ ಬಹುಕಾಲ ಕೆಲಸ ಸಾಗಲಿ; ಅವರ ಮಡದಿ ಸೀತಕ್ಕನವರೂ ಅವರೂ ನೂರ್ಕಾಲ ಸುಖವಾಗಿರಲಿ ಎಂದು ನಾನೂ ನನ್ನ ಮನೆಯವರೂ ದುವಾ ಮಾಡುತ್ತೇವೆ.

ನಾಗಪತಿ ಹೆಗಡೆಯವರು ಸೇರಿದ ಬೋಧಕ ಹುದ್ದೆಯಲ್ಲೇ ನಿವೃತ್ತರಾಗುತ್ತಿದ್ದಾರೆ. ಮೇಲಿನದು ಅವರಿಗೆ ಸಿಗಲಿಲ್ಲ. ಕೆರಿಯನ ತಾರಿ ಕೆರಿಯನ ಕೈಯಲ್ಲೇ ಇದೆ.