ಬೂದಿಯ ಗೆರೆ, ಅಪ್ಪನ ಡೌಟು

ನಾನು ಚಿಕ್ಕವಳಿದ್ದಾಗ ‘ಡೌಟು’ ಎಂಬ ಮಾತು ನಮ್ಮ ಮನೆಗೆ ಬಂದದ್ದು ಅಕ್ಕನ ಜೊತೆ, ಕಂಪ್ಲಿಯ ಹೈಸ್ಕೂಲಿನಿಂದ. ಪಾಠ ಮುಗಿದ ಮೇಲೆ ಮೇಷ್ಟ್ರು “ಯಾರಿಗಾದರೂ ಡೌಟಿದೆಯೇ?” ಎನ್ನುತ್ತಿದ್ದರಂತೆ. ತಿಳಿಯದ್ದನ್ನು ಕೇಳಿ ಎಂದು ಅದರ ಅರ್ಥ. ಅಪ್ಪನಿಗೂ ಆ ಮಾತು ಹಿಡಿಸಿತು. ಆದರೆ ಅವನು ಅದನ್ನು ಜನರ ಮೇಲೆ ಬಳಸತೊಡಗಿದ. ಅಕ್ಕಿ ಗಿರಣಿಯ ತಕ್ಕಡಿ ಮೇಲೆ ಡೌಟು, ಕಾಲುವೆಗೆ ನೀರು ಬಿಡುವವನ ಮೇಲೆ ಡೌಟು.

ಸುಗ್ಗಿಯಲ್ಲಿ ಭತ್ತದ ರಾಶಿ ಕಣದಲ್ಲೇ ಇರುತ್ತಿತ್ತು. ಸಂಜೆ ಅಪ್ಪ ಮುಷ್ಟಿಯಲ್ಲಿ ಒಲೆಯ ಬೂದಿ ಹಿಡಿದು ರಾಶಿಯ ಮೇಲೆ ಗೆರೆ ಎಳೆಯುತ್ತಿದ್ದ. ಯಾರಾದರೂ ಕೈ ಹಾಕಿದರೆ ಕಾಳು ಜಾರಿ ಗೆರೆ ಒಡೆಯುತ್ತದೆ. ಕಣ ಕಾಯುವ ಆಳು, ನಾವು ತಾತ ಎಂದು ಕರೆಯುತ್ತಿದ್ದ ಮುದುಕ, ಪಕ್ಕದ ಗುಡಿಸಲಲ್ಲೇ ಇದ್ದ. ಅವನಿಗೆ ಬೇರೆ ಮನೆ ಇರಲಿಲ್ಲ.

ಒಂದು ಬೆಳಿಗ್ಗೆ ತಾತನಿಗೆ ಬಿಸಿ ರೊಟ್ಟಿ ಹಿಡಿದು ನಾನೂ ಅಕ್ಕನೂ ಅಪ್ಪನ ಹಿಂದೆ ಹೋದೆವು. ಹೊಸ ಭತ್ತದ ಸುಂಕಿನ ದೂಳಿಗೆ ಕುತ್ತಿಗೆಯೆಲ್ಲ ತುರಿಸುತ್ತಿತ್ತು. ರಾಶಿಯ ಒಂದು ಮಗ್ಗುಲಲ್ಲಿ ಗೆರೆ ಒಡೆದಿತ್ತು.

“ನನಗ ಮೊದಲ ಇವನ ಮ್ಯಾಲೆ ಡೌಟಿತ್ತು,” ಎಂದ ಅಪ್ಪ. “ಇವತ್ತ ಗುಡಿಸಲ ಖಾಲಿ ಮಾಡಸ್ತೀನಿ.”

ತಾತ ತಲೆ ತಗ್ಗಿಸಿ ನಿಂತಿದ್ದ. ಅವನ ಸೊಂಟದ ಸಂಚಿಯಲ್ಲಿ ಎಲೆ ಅಡಿಕೆ ಇರುತ್ತದೆಂದು ನನಗೆ ಗೊತ್ತಿತ್ತು. ಆದರೂ ಅಂದು ಅದು ಉಬ್ಬಿದಂತೆ ಕಂಡಿತು.

“ತಾತನ್ನ ಕೇಳಿದೇನಪ್ಪ?” ಎಂದಳು ಅಕ್ಕ.

“ಕಳ್ಳನ್ನ ಏನ ಕೇಳೂದು?”

ಅಕ್ಕ ತಾನೇ ಹೋಗಿ, “ತಾತ, ಗೆರಿ ಹೆಂಗ ಒಡೀತು?” ಎಂದು ಕೇಳಿದಳು.

“ನಿಮ್ಮ ಕರು ಹಗ್ಗ ಹರಕೊಂಡು ಬಂದಿತ್ತು ಯವ್ವಾ. ರಾಶಿಗೆ ಬಾಯಿ ಹಾಕ್ತು. ಮನಿ ಕಡೆ ಅಟ್ಟಿದೆ.”

“ಮತ್ತ ಗೆರಿ ತಿರುಗಿ ಯಾಕ ಎಳೀಲಿಲ್ಲ?” ಅಪ್ಪ ಗದರಿದ.

“ನಾ ಎಳದಿದ್ರ ನಿಮಗ ತಿಳೀತಿದ್ದಿಲ್ಲಲ್ರಿ ಗೌಡ್ರ. ಅದಕ್ಕ ಹಂಗ ಬಿಟ್ಟೀನಿ.”

ಅಪ್ಪ ಅದನ್ನೂ ನಂಬಲಿಲ್ಲ. ದಾಪುಗಾಲು ಹಾಕಿ ಮನೆಗೆ ಬಂದ. ಕೊಟ್ಟಿಗೆಯಲ್ಲಿ ಕರು ಮೇವು ಮುಟ್ಟದೆ, ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಕೊರಳಲ್ಲಿ ಹರಿದ ಹಗ್ಗ, ಹಣೆಯ ತುಂಬ ಬೂದಿ.

“ಕಳ್ಳ ಈಬತ್ತಿ ಹಚ್ಚಕೊಂಡು ನಿಂತಾನ ನೋಡಪ್ಪ!” ಎಂದು ಅಕ್ಕ ನಕ್ಕಳು. ಅಪ್ಪ ನಗಲಿಲ್ಲ.

ಅಂದು ಸಂಜೆ ಅಪ್ಪ ಬೂದಿಯನ್ನು ತಾತನ ಮುಂದೆ ಹಿಡಿದು, “ಇವತ್ತ ನೀನ ಎಳಿ,” ಎಂದ. ತಾತ ಕೈ ಹಿಂದೆ ಕಟ್ಟಿಕೊಂಡ. “ಬ್ಯಾಡ್ರಿ ಗೌಡ್ರ. ನಾಳೆ ಒಡದ್ರ ಮತ್ತ ನನ್ನ ಮ್ಯಾಲೆ ಬರ್ತದ.” ಕೊನೆಗೆ ಒಂದು ಕಡೆಯಿಂದ ಅವನು, ಇನ್ನೊಂದು ಕಡೆಯಿಂದ ಅಪ್ಪ ಎಳೆದರು. ಗುಡಿಸಲು ತಾತನಿಗೇ ಉಳಿಯಿತು.

ಎಷ್ಟೋ ವರ್ಷಗಳ ನಂತರ ದೊಡ್ಡ ಇಂಗ್ಲಿಷ್ ನಿಘಂಟಿನಲ್ಲಿ ‘ಡೌಟು’ ಎಂಬ ಮಾತಿನ ಹುಟ್ಟನ್ನು ಹುಡುಕಿದೆ. ಅದರ ಬೇರು ಲ್ಯಾಟಿನ್ ಭಾಷೆಯಲ್ಲಿ ‘ಎರಡು’ ಎಂಬ ಮಾತಿಗೆ ಹತ್ತಿರದ್ದು: ಮನಸ್ಸು ಎರಡಾಗುವುದು. ಫ್ರೆಂಚರ ಬಾಯಲ್ಲಿ, ಹಿಂದಿನ ಕಾಲದ ಇಂಗ್ಲಿಷಿನಲ್ಲಿ ಅದಕ್ಕೆ ಹೆದರುವುದು ಎಂಬ ಅರ್ಥವೂ ಇತ್ತಂತೆ. ಆಮೇಲೆ ಅದು ನಂಬದಿರುವುದಾಯಿತು. ನಮ್ಮ ಶಾಲೆಗಳಿಗೆ ಬಂದು ಕೇಳುವುದಾಯಿತು. ಅಂದು ಕಣದಲ್ಲಿ ತಾತನ ಪಾಲಿಗೆ ಬಂದದ್ದು ಆ ಹಳೆಯ ಅರ್ಥ, ಹೆದರಿಕೆ.

ಮೊಮ್ಮಕ್ಕಳೇ, ಈಗ ಆ ಕಣವಿದ್ದಲ್ಲಿ ಗೋದಾಮಿದೆ. ಭತ್ತ ಯಂತ್ರದಿಂದ ನೇರ ಲಾರಿಗೆ ಹೋಗುತ್ತದೆ. ಮನೆಯಲ್ಲೇ ಆನ್‌ಲೈನ್ ಟ್ಯೂಷನ್‌ನಲ್ಲಿ ನೀವು ಕೈಯೆತ್ತಿ “ಮಿಸ್, ಡೌಟು” ಎನ್ನುತ್ತೀರಿ. ಅದನ್ನು ಕೇಳಲು ನನಗೆ ಖುಷಿ. ಆದರೆ ಮೊನ್ನೆ ಇಯರ್‌ಫೋನ್ ಕಾಣದಾದಾಗ ನೀವು ಮೂವರೂ ಮೊಬೈಲ್ ಸುತ್ತ ಕುಳಿತು, ಬಾಗಿಲ ಕ್ಯಾಮೆರಾದಲ್ಲಿ ಮನೆಗೆಲಸದಾಕೆಯ ಚೀಲವನ್ನೇ ದೊಡ್ಡದು ಮಾಡಿ ನೋಡುತ್ತಿದ್ದಿರಿ. ಆಕೆ ಅಡುಗೆಮನೆಯಲ್ಲೇ ಪಾತ್ರೆ ತೊಳೆಯುತ್ತಿದ್ದಳು. ಆಕೆಯನ್ನು ಕೇಳಲು ನಿಮ್ಮಲ್ಲಿ ಯಾರೂ ಏಳಲಿಲ್ಲ.