ಬಾಯಲ್ಲೇ ಓಡುವ ಕಾರು

ನನಗೆ ಯಾವ ಗಾಡಿಯನ್ನಾದರೂ ಓಡಿಸಲು ಬರುತ್ತದೆ, ಬಾಯಲ್ಲಿ. ಡೀಸೆಲ್ ಲಾರಿಯಿರಲಿ, ಕೆಮ್ಮಿಯೇ ಸ್ಟಾರ್ಟ್ ಆಗುವ ನಮ್ಮ ಮ್ಯಾನೇಜರಿರಲಿ, ಕಣ್ಣುಮುಚ್ಚಿ ಕೇಳಿದರೆ ಮೋಸಹೋಗುತ್ತೀರಿ. ತೊಂದರೆಯೆಂದರೆ, ಬಹರೈನಿನಲ್ಲಿ ಲೈಸೆನ್ಸ್ ಕೊಡುವುದು ಕೈಕಾಲಿನಿಂದ ಓಡಿಸುವವರಿಗೆ. ಎರಡು ಸಲ ಪರೀಕ್ಷೆಯಲ್ಲಿ ಬಿದ್ದಿದ್ದೆ. ಮೂರನೆಯ ಸಲವೂ ಬಿದ್ದರೆ ಕಾರಿನಲ್ಲಿ ಅಂಗಡಿಗಳನ್ನು ಸುತ್ತುವ ಸೇಲ್ಸ್ ಕೆಲಸ ಇನ್ನೊಬ್ಬನಿಗೆ ಎಂದು ಮ್ಯಾನೇಜರ್ ಕೆಮ್ಮದೆಯೇ ಹೇಳಿದ್ದರು. ಕಾರು ರೇಸ್ ನೋಡಲು ಜನ ವಿಮಾನ ಹತ್ತಿ ಬರುವ ನಾಡಿನಲ್ಲಿ ನಾನೊಬ್ಬ ಒಂದು ಸರ್ಕಲ್ ಸುತ್ತಲಾರದೆ ಕುಳಿತಿದ್ದೆ.

ಟುಬ್ಲಿಯಲ್ಲಿ ಗ್ಯಾರೇಜಿಟ್ಟಿರುವ ಉಳ್ಳಾಲದ ಹಮೀದಾಕನ ಗೋಡೆಯ ಮೇಲೆ ಐವತ್ತರ ದಶಕದ ಅಮೆರಿಕದ ರೇಸ್ ಚಾಲಕನೊಬ್ಬನ ಫೋಟೊ ಇದೆ. ಹೆಸರಿದ್ದ ಜಾಗದಲ್ಲಿ ಗ್ರೀಸಿನ ಹೆಬ್ಬೆಟ್ಟು. ಹಳೆಯ ಗಿರಾಕಿಯೊಬ್ಬ ಹಮೀದಾಕನಿಗೆ ಹೇಳಿದ ಆ ಚಾಲಕನ ಕಥೆಯನ್ನು ನಾನು ಹಮೀದಾಕನ ದನಿಯಲ್ಲಿ ಹಮೀದಾಕನಿಗಿಂತ ಚೆನ್ನಾಗಿ ಹೇಳುತ್ತೇನೆ. ರೈತನ ಮಗ. ಅಪ್ಪನ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಲೇ ಮಣ್ಣಿನ ಟ್ರ್ಯಾಕಿಗೆ ಇಳಿದ. ಎರಡು ಸಲ ಕಾಲು ಮುರಿದುಕೊಂಡ. ದೊಡ್ಡ ರೇಸನ್ನು ವರ್ಷಗಟ್ಟಲೆ ಸೋತು, ಕಿವಿಯ ಮೇಲೆ ಕೂದಲು ನರೆತಾಗ ಒಂದೇ ಒಂದು ಸಲ ಗೆದ್ದ. ಆಮೇಲೆ ಊರಲ್ಲಿ ಪೆಟ್ರೋಲ್ ಬಂಕ್ ಇಟ್ಟು ನೆಮ್ಮದಿಯಾಗಿ ಮುದುಕನಾದ. ಎರಡೇ ಸಲ ಸೋತ ನನಗೆ ಇದಕ್ಕಿಂತ ಒಳ್ಳೆಯ ಔಷಧಿ ಬೇಕೆ?

ಪರೀಕ್ಷೆಗೆ ಮುಂಚಿನ ಶುಕ್ರವಾರ ಹಮೀದಾಕ ಗ್ಯಾರೇಜಿನ ಅಂಗಳದಲ್ಲಿ ನನ್ನ ಪಕ್ಕ ಕುಳಿತರು. ಕಾರು ಎರಡು ಸಲ ಕುಪ್ಪಳಿಸಿ ಸತ್ತಿತು.

"ಮಾರಾಯ, ಗೇರ್ ಹಾಕುವಾಗ ನಿನ್ನ ಬಾಯಿ ಎಂಥ ಮಾಡ್ತದೆ?"

ಆಗಲೇ ಗೊತ್ತಾದದ್ದು. ನಾನು 'ಡುರ್ರ್' ಎನ್ನುತ್ತ, ನನ್ನ ಬಾಯಿಯ ಇಂಜಿನ್ ಏರಿದಾಗಲೆಲ್ಲ ಗೇರ್ ಬದಲಿಸುತ್ತಿದ್ದೆ! ಕಾರಿನದು ಬೇರೆಯೇ ರಾಗ.

"ಅವ ಉಂಟಲ್ಲ," ಹಮೀದಾಕ ಗೋಡೆಯತ್ತ ಕೈ ತೋರಿಸಿದರು, "ಇಂಜಿನ್ ಮಾತಾಡುವಾಗ ನಡುವೆ ಬಾಯಿ ಹಾಕ್ತಿರ್ಲಿಲ್ಲ. ಅದೇ ಅವನ ಗುಟ್ಟು."

"ಕಥೆಯಲ್ಲಿ ಅದು ಇರ್ಲಿಲ್ವಲ್ಲ ಹಮೀದಾಕ?"

"ಈಗ ಉಂಟು. ನೀನು ಬಾಯಿ ಮುಚ್ಚು."

ನನ್ನ ಮೇಲೆ ನಂಬಿಕೆ ಸಾಲದೆ, ಪರೀಕ್ಷೆಯ ದಿನ ಹಮೀದಾಕ ನನ್ನ ಬಾಯಿಗೆ ದೊಡ್ಡದೊಂದು ಖರ್ಜೂರ ತುರುಕಿ ಕಳಿಸಿದರು. ಅಗಿಯದೆ, ನುಂಗದೆ, ಕೆನ್ನೆ ಉಬ್ಬಿಸಿಕೊಂಡು ಓಡಿಸಿದೆ. ಮೊದಲ ಬಾರಿಗೆ ಇಂಜಿನ್ನಿನ ದನಿ ಕೇಳಿಸಿತು. ಅದು ಪಾಪ, ಗೇರ್ ಯಾವಾಗ ಬೇಕೆಂದು ಸ್ಪಷ್ಟವಾಗಿಯೇ ಹೇಳುತ್ತಿತ್ತು. ಪರೀಕ್ಷಕರು ಕೊನೆಗೆ "ಮಬ್ರೂಕ್" ಎಂದು ಅಭಿನಂದಿಸಿದ ಮೇಲೆಯೇ ನಾನು ಖರ್ಜೂರ ಅಗಿದದ್ದು.

ಈಗ ಬುದಯ್ಯ ಊರಿನ ಅಂಗಡಿಗಳಿಗೆ ನಾನೇ ಕಾರು ಓಡಿಸಿಕೊಂಡು ಹೋಗುತ್ತೇನೆ, ಆ ಖರ್ಜೂರದ ಬೀಜವನ್ನು ಸ್ಟಿಯರಿಂಗಿನ ಮುಂದಿಟ್ಟುಕೊಂಡು. ಬಾಯಿ ಮುಚ್ಚಿಕೊಂಡು ಕೇಳಲು ಕಲಿತ ಮೇಲೆ ನನ್ನ ಅಣಕವೂ ಸುಧಾರಿಸಿದೆಯಂತೆ. ಮೊನ್ನೆ ಮ್ಯಾನೇಜರರ ಹಿಂದೆ ನಿಂತು ಅವರ ಹಾಗೆಯೇ ಕೆಮ್ಮಿದೆ. ಅವರು ತಮಗೇ ನೀರು ತರಿಸಿದರು.