ಪ್ರಾರ್ಥನೆಯಲ್ಲಿ ಓದಿದ ಸುದ್ದಿ

ಅಕ್ಕನ ಮಗಳು ತನ್ನೂರು ಹಂಗಳದಿಂದ ಫೋನ್ ಮಾಡಿದಾಗ ನಾನು ಚಾಮರಾಜನಗರದ ಬಸ್ ನಿಲ್ದಾಣದಲ್ಲಿದ್ದೆ. ಅಥವಾ ಮನೆಯಲ್ಲೋ. ಅವಳ ಮಾತಂತೂ ಕಿವಿಯಲ್ಲಿದೆ.

"ಚಿಕ್ಕವ್ವ, ನಾಳೆ ಇಸ್ಕೂಲ್‌ಗೆ ಬತ್ತೀಯಾ? ಅಪ್ಪುಂಗೆ ಏಳ್ಬೇಡ."

ಅವಳು ಗುಂಡ್ಲುಪೇಟೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ಬೆಳಗಿನ ಪ್ರಾರ್ಥನೆಯಾದ ಮೇಲೆ ಒಬ್ಬರು ಪತ್ರಿಕೆಯ ಮುಖ್ಯಾಂಶ ಓದುವುದು ಅವರ ಶಾಲೆಯ ಪದ್ಧತಿ. ಅಂದು ಇವಳ ಸರದಿ. ರಾಜ್ಯ, ದೇಶ, ಕ್ರೀಡೆ ಮುಗಿಸಿ, ಪತ್ರಿಕೆಯಲ್ಲಿಲ್ಲದ ಒಂದನ್ನು ಅದೇ ಧ್ವನಿಯಲ್ಲಿ ಸೇರಿಸಿದ್ದಳು: "ನಮ್ಮ ಶಾಲೆಯ ಹುಡುಗಿಯರ ಶೌಚಾಲಯದಲ್ಲಿ ದಸರಾ ರಜೆ ಮುಗಿದಾಗಿನಿಂದ ನೀರಿಲ್ಲ. ಇಲ್ಲಿಗೆ ವಾರ್ತೆಗಳು ಮುಗಿದವು."

ಪೋಷಕರು ಬರುವವರೆಗೆ ತರಗತಿಗೆ ಸೇರಿಸುವುದಿಲ್ಲವೆಂದು ಮುಖ್ಯೋಪಾಧ್ಯಾಯರು ಹೊರಗೆ ಕಳಿಸಿದ್ದರು. ಭಾವನಿಗೆ ತಿಳಿದರೆ ಶಾಲೆಯನ್ನೇ ಬಿಡಿಸುತ್ತಾರೆ ಎಂಬುದು ಅವಳ ಭಯ. ದೊಡ್ಡ ಮಗಳನ್ನು ಶಾಲೆಯಿಂದ ಇಂಥದ್ದೇ ಒಂದು ದೂರು ಬಂದಾಗ ಬಿಡಿಸಿದ್ದರು. ಅಕ್ಕ ಗಂಡನಿಗೆ ಮುಚ್ಚಿಟ್ಟು ಏನನ್ನೂ ಮಾಡುವವಳಲ್ಲ. ನಾನೇ ಹೋದೆ.

"ನಾಳೆ ಅದೇ ಜಾಗದಲ್ಲಿ ನಿಂತು, ಓದಿದ್ದು ಸುಳ್ಳು ಸುದ್ದಿ ಅಂತ ಹೇಳಲಿ," ಎಂದರು ಮುಖ್ಯೋಪಾಧ್ಯಾಯರು.

"ನೀರು ಬಂದಿಲ್ವಲ್ಲ ಸಾರ್," ಎಂದಳು ಹುಡುಗಿ.

"ಕೇಳಿದ್ರಾ ಬಾಯಿ? ಟೀವಿಯವರು ಇವಳನ್ನ ಇನ್ನೂ ಯಾಕೆ ಕರ್ಕೊಂಡು ಹೋಗಿಲ್ಲವೋ!"

ವಾಕ್ ಸ್ವಾತಂತ್ರ್ಯದ ಬಗ್ಗೆ ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಹೊರಬರಲಿಲ್ಲ. "ಕೇಳದೆ ಓದಿದ್ದು ತಪ್ಪು ಅನ್ನಲಿ ಸಾರ್. ಸುಳ್ಳು ಅನ್ನೋದು ಬೇಡ," ಎಂದೆ. ದೃಢವಾಗಿ ಹೇಳಿದೆನೆಂದು ಡೈರಿಯಲ್ಲಿ ಬರೆದಿದ್ದೇನೆ. ಈಗ ಓದಿದರೆ ನಂಬಿಕೆ ಬರುವುದಿಲ್ಲ, ಬೇಡಿಕೊಂಡಿರಬೇಕು. ಮೊದಲೇ ಕೇಳಿದ್ದರೆ ಓದಲು ಯಾರು ಬಿಡುತ್ತಿದ್ದರು ಎಂದು ಹೊಳೆದದ್ದು ಅಲ್ಲೋ, ಹಿಂದಿರುಗುವಾಗಲೋ?

"ಒಂದಕ್ಷರ ಹೆಚ್ಚಾದ್ರೆ ಅವರಪ್ಪನಿಗೇ ಫೋನು," ಎಂದು ಅವರು ಒಪ್ಪಿದರು.

ಮರುದಿನವೆಲ್ಲ ಫೋನ್ ಕೈಯಲ್ಲೇ ಇತ್ತು. ಸಂಜೆ ಭಾವನ ನಂಬರಿನಿಂದ ಕರೆ ಬಂತು. ಮಾತಾಡಿದವಳು ಹುಡುಗಿ.

"ಕೇಳ್ದೆ ಓದಿದ್ದು ತಪ್ಪು ಅಂದೆ ಚಿಕ್ಕವ್ವ. ಆಮೇಲೆ…"

"ಆಮೇಲೆ?"

"ನೀರು ಇವತ್ತೂ ಬಂದಿಲ್ಲ ಅಂದ್ಬುಟ್ಟೆ."

ಫೋನ್ ಭಾವನ ಕೈಗೆ ಹೋಯಿತು. "ಏನಮ್ಮಿ, ನಮ್ಮನೆ ಸುದ್ದೀನ ಎಡ್‌ಮಾಸ್ಟ್ರು ಬಾಯಲ್ಲಿ ಕೇಳ್ಬೇಕಾ ನಾನು?"

"ಶಾಲೆ ಬಿಡಿಸಬೇಡಿ ಭಾವ."

"ನಾಳೆ ಓಗಿ ಕಣ್ಣಾರೆ ನೋಡ್ತೀನಿ. ನೀರಿಲ್ದಿದ್ರೆ ಮಗಳು ಅಂದದ್ದು ದಿಟ. ನಲ್ಲೀಲಿ ನೀರು ಬಂತೋ, ನಾಳಿದ್ದಿಂದ ದನ ಕಾಯ್ಲಿ."

ಭಾವ ಬರುವ ಸುಳಿವು ಸಿಕ್ಕಿ ಶಾಲೆಯವರು ಬೆಳಿಗ್ಗೆಯೇ ಟ್ಯಾಂಕರ್ ತರಿಸಿದರೆ? ಅಷ್ಟು ಹುಡುಗಿಯರಿಗೆ ಇನ್ನೊಂದು ದಿನ ನೀರು ಬಾರದಿರಲಿ ಎಂದು ನಾನು ಹಾರೈಸುತ್ತ ಕೂತಿದ್ದೆ.

ಭಾವ ಹೋಗಿ ನೋಡಿದಾಗ ನಲ್ಲಿ ಒಣಗಿಯೇ ಇತ್ತಂತೆ. ಅವಳು ತರಗತಿಗೆ ಹೋಗುತ್ತಿದ್ದಾಳೆ. ಈಗ ನೀರೂ ಬಂದಿದೆ. ಸುದ್ದಿ ಓದುವ ಸರದಿಯಲ್ಲಿ ಮಾತ್ರ ಅವಳ ಹೆಸರು ಹಾರಿಸಿ ಮುಂದಿನವರನ್ನು ಕರೆಯುತ್ತಾರೆ.